ಪಿಯೆತ್ರಸಾಂತಾದಲ್ಲಿ ಕಲ್ಲು, ರೈಲು, ಊಟದ ಮೇಜು

ಇಟಲಿಯ ತೊಸ್ಕಾನಾ ಪ್ರಾಂತ್ಯದಲ್ಲಿ ಪಿಯೆತ್ರಸಾಂತಾ ಎಂಬ ಪುಟ್ಟ ಊರಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅಪುವಾನ್ ಬೆಟ್ಟಗಳು. ಕಡುಬೇಸಿಗೆಯಲ್ಲೂ ಆ ಬೆಟ್ಟಗಳ ಮೈ ಬೆಳ್ಳಗೆ ಕಾಣುವುದು ಅಮೃತಶಿಲೆಯ ಗಣಿಗಳಿಂದ ಸುರಿದ ಪುಡಿಗಲ್ಲಿನಿಂದ. ಫ್ಲಾರೆನ್ಸಿನ ಸಾನ್ ಲೊರೆಂಜೊ ಚರ್ಚಿನ ಮುಂಭಾಗಕ್ಕೆ ಕಲ್ಲು ಬೇಕೆಂದು ಮೈಕೆಲೇಂಜೆಲೊ 1518ರಲ್ಲಿ ಒಪ್ಪಂದ ಮಾಡಿಕೊಂಡದ್ದು ಇದೇ ಊರಿನಲ್ಲಿ. ನಮ್ಮ ಕಾಲದ ಕೊಲಂಬಿಯಾದ ಕಲಾವಿದ ಫೆರ್ನಾಂಡೊ ಬೊತೆರೊ ಮತ್ತು ಅವರ ಪತ್ನಿ, ಶಿಲ್ಪಿ ಸೋಫಿಯಾ ವಾರಿ, ಇಬ್ಬರ ಸಮಾಧಿಯೂ ಇಲ್ಲೇ ಇದೆ. ಜಗತ್ತಿನ ಎಲ್ಲ ಕಡೆಯಿಂದ ಕಲ್ಲು ಕೆತ್ತುವವರು ಇಲ್ಲಿಗೆ ಬರುತ್ತಾರೆ. ನಮ್ಮಲ್ಲೊಬ್ಬರದು ಕಲ್ಲಿನ ಕೆಲಸ, ಇನ್ನೊಬ್ಬರದು ಚಿತ್ರ. ಇಬ್ಬರೂ ಕಲಾವಿದರಾಗಿ ಈ ಕಡೆ ಬಂದು ನೆಲೆಸುವವರಿಗೆ ಏನೇನು ಗೊತ್ತಿರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಹೊತ್ತು. ಇಲ್ಲಿ ಪ್ರತಿಯೊಂದಕ್ಕೂ ಅದರದೇ ಗಂಟೆಯಿದೆ. ಕಾರ್ಯಾಗಾರಗಳು ಸುಮಾರು 8ಕ್ಕೆ ಶುರುವಾಗಿ 12ಕ್ಕೆ ನಿಲ್ಲುತ್ತವೆ. ಬೀದಿ ತುಂಬ ಗುಂಯ್‌ಗುಡುತ್ತಿದ್ದ ಕಂಪ್ರೆಸರುಗಳು ಒಟ್ಟಿಗೇ ಬಾಯಿ ಮುಚ್ಚಿದಾಗ ಗಡಿಯಾರ ನೋಡುವ ಅಗತ್ಯವೇ ಇರುವುದಿಲ್ಲ. ಚರ್ಚುಗಳು ಹೆಚ್ಚುಕಡಿಮೆ 12ರಿಂದ 3ರವರೆಗೆ ಬಾಗಿಲು ಹಾಕಿರುತ್ತವೆ. ಫ್ಲಾರೆನ್ಸಿನ ಉಫಿತ್ಸಿ, ಅಕಾದೆಮಿಯಾ ಮ್ಯೂಸಿಯಂಗಳೆರಡಕ್ಕೂ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯದೊಂದು ಬಿಟ್ಟು ಉಳಿದ ಭಾನುವಾರಗಳೆಲ್ಲ ರಜೆ. ಸರ್ಕಾರಿ ಮ್ಯೂಸಿಯಂಗಳಿಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಆದರೆ ಅವತ್ತು ಚಿತ್ರದ ಮುಂದೆ ನಿಂತು ಗೀಚಿಕೊಳ್ಳುವಷ್ಟು ಜಾಗ ಸಿಗುವುದಿಲ್ಲ. ಪ್ರಯಾಣವಾಗಲಿ, ಕೆಲಸವಾಗಲಿ, ಸ್ನೇಹವಾಗಲಿ, ಈ ಗಂಟೆಗಳನ್ನು ಬಿಟ್ಟು ನಡೆದರೆ ಸಿಗುವುದು ಮುಚ್ಚಿದ ಬಾಗಿಲು.

ಕಾಗದಪತ್ರದ ಕೆಲಸ ಬೇಸರದ್ದು, ಚುಟುಕಾಗಿ ಹೇಳಿಬಿಡುತ್ತೇವೆ. ದೀರ್ಘಾವಧಿ ವೀಸಾದ ಮೇಲೆ ಬಂದವರು 8 ಕೆಲಸದ ದಿನಗಳೊಳಗೆ ‘ಪೆರ್ಮೆಸ್ಸೊ ದಿ ಸೊಜೋರ್ನೊ’, ಅಂದರೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಅಂಚೆ ಕಚೇರಿಯಲ್ಲಿ ಪುಕ್ಕಟೆ ಸಿಗುತ್ತದೆ. ಕಪ್ಪು ಪೆನ್ನಿನಲ್ಲಿ ತುಂಬಿ, ಲಕೋಟೆಯನ್ನು ಅಂಟಿಸದೆ ಹಾಗೇ ಕೌಂಟರಿಗೆ ಕೊಡಬೇಕು. ಅದಕ್ಕೆ ಹಚ್ಚುವ 16 ಯೂರೊ ಸ್ಟಾಂಪು ಅಂಚೆ ಕಚೇರಿಯಲ್ಲಿ ಸಿಗುವುದಿಲ್ಲ, ಬಿಳಿ ‘ಟಿ’ ಅಕ್ಷರದ ಬೋರ್ಡಿರುವ ತಂಬಾಕಿನ ಅಂಗಡಿಯಲ್ಲಿ ಮೊದಲೇ ಕೊಂಡಿರಬೇಕು. ಕೊಟ್ಟ ರಸೀದಿಯನ್ನು ಜೋಪಾನ ಮಾಡಿ. ಕಾರ್ಡು ಕೈಗೆ ಬರಲು ತಿಂಗಳುಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಅದೇ ಆಧಾರ. ವೀಸಾ ಅವಧಿ ಮುಗಿದು ಬರೀ ರಸೀದಿ ಕೈಲಿದ್ದಾಗ ಪ್ಯಾರಿಸ್ಸಿಗೋ ವಿಯೆನ್ನಾಕ್ಕೋ ಪ್ರದರ್ಶನ ನೋಡಲು ಹೊರಡಬೇಡಿ. ಆ ರಸೀದಿ ಬೇರೆ ಶೆಂಗೆನ್ ದೇಶಗಳಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯವರಿಗೆ ಕಾದಿರುವ ತೊಡಕು ಹೆಸರಿನದು. ಮನೆ ಬಾಡಿಗೆಗೆ, ಫೋನಿಗೆ, ಬ್ಯಾಂಕಿಗೆ ಬೇಕಾಗುವ ‘ಕೋದಿಚೆ ಫಿಸ್ಕಾಲೆ’ ಎಂಬ ತೆರಿಗೆ ಸಂಖ್ಯೆಯಲ್ಲಿ 16 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಮೂರಕ್ಷರ ಮನೆಹೆಸರಿನ ವ್ಯಂಜನಗಳಿಂದ ಬರುತ್ತವೆ, ಮುಂದಿನ ಮೂರು ಸ್ವಂತ ಹೆಸರಿನಿಂದ. ಆಮೇಲೆ ಹುಟ್ಟಿದ ವರ್ಷ, ತಿಂಗಳಿಗೊಂದು ಅಕ್ಷರ, ದಿನ. ಹೆಂಗಸರಾದರೆ ದಿನಕ್ಕೆ 40 ಕೂಡಿಸುತ್ತಾರೆ, 7ನೇ ತಾರೀಖು ಹುಟ್ಟಿದವರದು 47 ಆಗುತ್ತದೆ. ಭಾರತದಲ್ಲಿ ಹುಟ್ಟಿದವರಿಗೆಲ್ಲ ‘ಝಡ್222’ ಎಂಬ ಗುರುತು. ಪಾಸ್‌ಪೋರ್ಟಿನಲ್ಲಿ ಮನೆಹೆಸರಿನ ಜಾಗ ಖಾಲಿ ಬಿಟ್ಟವರು, ಇನಿಷಿಯಲ್ಲನ್ನೇ ಮನೆಹೆಸರು ಮಾಡಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಒಂದು ಕಾಗದದಲ್ಲಿ ಹೆಸರು ಹಿಂದುಮುಂದಾದರೆ ಸಂಖ್ಯೆಯೇ ಬೇರೆಯಾಗಿ, ಎರಡು ಕಾಗದ ಇಬ್ಬರು ಬೇರೆ ಬೇರೆ ಮನುಷ್ಯರದ್ದಾಗುತ್ತವೆ. ಊರು ಬಿಡುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. ಇಲ್ಲಿ ಸಂಖ್ಯೆ ಕೊಟ್ಟ ಕೂಡಲೇ ಕೌಂಟರಿನ ಮುಂದೆಯೇ ನಿಂತು ಒಂದೊಂದಕ್ಷರ ಓದಿ ನೋಡಿ.

ಮನೆಗಳಲ್ಲಿ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೋವ್ಯಾಟಿನದು. ಗೀಸರ್, ಓವನ್, ಮಿಕ್ಸಿ ಒಟ್ಟಿಗೆ ಹಾಕಿದರೆ ಫಟ್ಟನೆ ಹೋಗುತ್ತದೆ, ಮೀಟರಿನ ಗುಂಡಿ ಎತ್ತಲು ಕೆಲವೊಮ್ಮೆ ಕೆಳಗಿನ ಮಹಡಿಗೇ ಇಳಿಯಬೇಕು. ಊರಿನ ಮಿಕ್ಸಿ ಇಲ್ಲಿ ಚೆನ್ನಾಗಿಯೇ ಓಡುತ್ತದೆ, ವೋಲ್ಟೇಜ್ ಒಂದೇ, ಆದರೆ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಕಲ್ಲು ಕೊಯ್ಯುವ ಗ್ರೈಂಡರನ್ನಂತೂ ಮನೆಯ ಸಾಲಿಗೆ ಹಾಕುವ ಯೋಚನೆಯೇ ಬೇಡ.

ಇನ್ನು ಕಲ್ಲು. ಸ್ವಂತ ಜಾಗ ಹಿಡಿಯುವುದಕ್ಕಿಂತ ಇರುವ ಕಾರ್ಯಾಗಾರವೊಂದರಲ್ಲಿ ತಿಂಗಳ ಬಾಡಿಗೆಗೆ ಜಾಗ ತೆಗೆದುಕೊಳ್ಳುವುದು ಸರಿಯಾದ ದಾರಿ. ಗಾಳಿಯ ಕೊಳವೆ, ನೀರು, ಕಲ್ಲು ಎತ್ತುವ ಕ್ರೇನು ಅಲ್ಲಿರುತ್ತವೆ, ಅದಕ್ಕಿಂತ ಹೆಚ್ಚಾಗಿ ನಲವತ್ತು ವರ್ಷ ಉಳಿ ಹಿಡಿದ ಕೈಗಳಿರುತ್ತವೆ. ಕ್ರೇನು ಬಾಡಿಗೆಯಲ್ಲಿ ಸೇರಿದೆಯೋ, ಪ್ರತಿ ಎತ್ತುವಿಕೆಗೆ ಬೇರೆಯೋ ಎಂದು ಮೊದಲೇ ಕೇಳಿಕೊಳ್ಳಿ. ಗಣಿಯವರು ಚೌಕ ಮಾಡದೆ ಬಿಟ್ಟ, ಅಡ್ಡಾದಿಡ್ಡಿ ಆಕಾರದ ಕಲ್ಲಿಗೆ ಇಲ್ಲಿ ‘ಇನ್ಫೋರ್ಮೆ’ ಎನ್ನುತ್ತಾರೆ. ಅದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ, ಹೊಸಬರಿಗೆ ಅದೇ ಸಾಕು. ಅಮೃತಶಿಲೆ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. 40 ಸೆಂ.ಮೀ. ಅಗಲ, ಅಷ್ಟೇ ದಪ್ಪ, 60 ಸೆಂ.ಮೀ. ಎತ್ತರದ ಕಲ್ಲು ನೋಡಲು ಚಿಕ್ಕದು, ತೂಕ 260 ಕಿಲೋ ಹತ್ತಿರ. ಇಬ್ಬರು ಸೇರಿ ಜರುಗಿಸುವ ಮಾತಲ್ಲ.

ಕಲ್ಲು ಆರಿಸುವಾಗ ಎರಡು ಪರೀಕ್ಷೆ ಮಾಡಲೇಬೇಕು. ಮೊದಲನೆಯದು ಕಿವಿಗೆ. ಕಲ್ಲನ್ನು ಮರದ ತುಂಡಿನ ಮೇಲೆ ಎತ್ತಿಡಿಸಿ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ಕಲ್ಲು ಗಂಟೆಯ ಹಾಗೆ ನಾದ ಕೊಡುತ್ತದೆ, ಒಳಗೆ ಬಿರುಕಿದ್ದರೆ ಒಡೆದ ಮಡಕೆಯ ಹಾಗೆ ಬೊದ್ದುದನಿ ಬರುತ್ತದೆ. ನೆಲಕ್ಕೆ ತಾಗಿಕೊಂಡು ಬಿದ್ದ ಕಲ್ಲನ್ನು ತಟ್ಟಿದರೆ ಒಳ್ಳೆಯದೂ ಬೊದ್ದಾಗಿಯೇ ಕೇಳುತ್ತದೆ, ಅದಕ್ಕೇ ಎತ್ತಿಡಿಸುವುದು. ಎರಡನೆಯದು ಕಣ್ಣಿಗೆ. ಒಂದು ಬಕೆಟ್ ನೀರು ಸುರಿದು ಬಿಸಿಲಲ್ಲಿ ಐದು ನಿಮಿಷ ಕಾಯಿರಿ. ಮೈ ಒಣಗುತ್ತ ಬಂದಾಗ, ಕೂದಲೆಳೆಯ ಬಿರುಕಿರುವಲ್ಲಿ ನೀರು ಒಳಗೆ ಉಳಿದು ಕಪ್ಪು ಗೆರೆಯಾಗಿ ಕಾಣಿಸುತ್ತದೆ. ಇಲ್ಲಿಯವರೂ ಅದಕ್ಕೆ ‘ಪೇಲೊ’, ಕೂದಲು ಎಂದೇ ಹೇಳುವುದು. ಬೂದು ಬಣ್ಣದ ನರಗಳೆಲ್ಲ ಬಿರುಕಲ್ಲ, ಆದರೆ ನೀರು ಹಿಡಿದಿಟ್ಟುಕೊಂಡ ಗೆರೆ ಮೂರ್ತಿಯ ಕುತ್ತಿಗೆಯಲ್ಲೋ ಮಣಿಕಟ್ಟಿನಲ್ಲೋ ಬಂದರೆ ಆರು ತಿಂಗಳ ಕೆಲಸ ಒಂದೇ ಏಟಿಗೆ ಬೇರೆಯಾಗುತ್ತದೆ.

ಬೇಲೂರು-ಹಳೇಬೀಡಿನ ಬಳಪದ ಕಲ್ಲಿನಲ್ಲಿ ಕೈ ಪಳಗಿಸಿದವರು ಇಲ್ಲಿ ಉಳಿ ಹಿಡಿಯುವ ಕೋನವನ್ನು ಮತ್ತೆ ಕಲಿಯಬೇಕು. ಬಳಪದ ಕಲ್ಲು ಮೃದು, ಚೂಪು ಅಂಚಿಗೆ ಸೀಳಿ ಬರುತ್ತದೆ. ಅಮೃತಶಿಲೆ ಸಕ್ಕರೆಯಂತೆ ಹರಳು ಹರಳಾಗಿ ಕಟ್ಟಿದ ಕಲ್ಲು. ಮೊನೆಯುಳಿಯನ್ನು ನೆಟ್ಟಗೆ ಇಟ್ಟು ಹೊಡೆದರೆ ಹರಳುಗಳು ಒಳಗೇ ಜಜ್ಜಿಹೋಗುತ್ತವೆ. ಆಗ ಏನೂ ಗೊತ್ತಾಗುವುದಿಲ್ಲ. ಕೊನೆಗೆ ಪಾಲಿಶ್ ಮಾಡುವಾಗ ಬಿಳಿ ಚುಕ್ಕಿಗಳಾಗಿ ಎದ್ದು ಬರುತ್ತವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆದ್ದರಿಂದ ಉಳಿ 45 ಡಿಗ್ರಿಯಷ್ಟು ಓರೆಯಾಗಿರಲಿ, ಬೇಕಾದ ಮೈಗಿಂತ ಒಂದೆರಡು ಸೆಂಟಿಮೀಟರ್ ಮೇಲೆಯೇ ಮೊನೆಯುಳಿ ನಿಲ್ಲಲಿ. ಅಲ್ಲಿಂದ ಕೆಳಗೆ ‘ಗ್ರಾದಿನಾ’ ಎಂಬ ಹಲ್ಲಿನ ಉಳಿ, ಆಮೇಲೆ ಚಪ್ಪಟೆ ಉಳಿ, ಅರ, ಕೊನೆಗೆ ನೀರು ಹಾಕಿ ಉಜ್ಜುವ ಕಾಗದ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಪಿ3 ಫಿಲ್ಟರಿನ ಮಾಸ್ಕೇ ಬೇಕು.

ಪ್ರವಾಸದ ವಿಷಯಕ್ಕೆ ಬಂದರೆ, ಈ ಕರಾವಳಿಯ ಸಾಲಿನ ಲೋಕಲ್ ರೈಲುಗಳೇ ಕಲಾವಿದರಿಗೆ ದೊಡ್ಡ ಆಸ್ತಿ. ಪಿಸಾ ಅರ್ಧ ಗಂಟೆಯ ದಾರಿ. ಅಮೃತಶಿಲೆ ಗಣಿಗಳ ಊರಾದ ಕರ್ರಾರಾಕ್ಕೆ ಹೋಗಲು ಅವೆಂತ್ಸಾ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಲೋಕಲ್ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂ ಬಳಿಯ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮೊಬೈಲ್ ಟಿಕೆಟಾದರೆ ಹತ್ತುವ ಮೊದಲು ಚೆಕ್-ಇನ್ ಒತ್ತಬೇಕು. ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದರೂ ಇದನ್ನು ಮರೆತವರಿಗೆ ದಂಡ ಬೀಳುತ್ತದೆ. ನಿಲ್ದಾಣದ ಗೋಡೆಯಲ್ಲಿ ಹಳದಿ ಹಾಳೆ ಹೊರಡುವ ರೈಲುಗಳದು, ಬಿಳಿಯದು ಬರುವ ರೈಲುಗಳದು. ಬೋರ್ಡಿನಲ್ಲಿ ಎದ್ದು ಕಾಣುವುದು ಕೊನೆಯ ಊರಿನ ಹೆಸರು, ನಿಮ್ಮ ಊರು ತಕ್ಷಣ ಕಣ್ಣಿಗೆ ಬೀಳದಿರಬಹುದು, ರೈಲಿನ ನಂಬರ್ ನೆನಪಿಟ್ಟುಕೊಳ್ಳಿ. ಮುಷ್ಕರಗಳು ಆಗಾಗ ಇರುತ್ತವೆ, ಮೊದಲೇ ತಿಳಿಸಿರುತ್ತಾರೆ. ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಅವಶ್ಯಕ ಲೋಕಲ್ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಮುಷ್ಕರದ ದಿನ ಹೊರಡುವುದು, ಬರುವುದು ಎರಡನ್ನೂ ಆ ಹೊತ್ತಿನೊಳಗೆ ಇಟ್ಟುಕೊಳ್ಳಿ.

ಚಿತ್ರ ಬರೆಯುವವರು ಯಾರೇ ಆಗಲಿ, ಇಟಲಿಯಲ್ಲಿದ್ದು ಒಂದೇ ಪ್ರವಾಸ ಮಾಡಲು ಸಾಧ್ಯವೆಂದರೆ 15ನೇ ಶತಮಾನದ ಚಿತ್ರಕಾರ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನ ಹಾದಿಯನ್ನೇ ಹಿಡಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಫ್ಲಾರೆನ್ಸಿನಿಂದ ರೈಲಿನಲ್ಲಿ ಅರೆತ್ಸೊ. ಅಲ್ಲಿ ಸಾನ್ ಫ್ರಾಂಚೆಸ್ಕೊ ಚರ್ಚಿನ ಗರ್ಭಗುಡಿಯ ಗೋಡೆಗಳ ಮೇಲೆ ಪಿಯೆರೊ ಬರೆದ ಪವಿತ್ರ ಶಿಲುಬೆಯ ಕಥೆಯಿದೆ. ಒಮ್ಮೆಗೆ ಕೆಲವೇ ಜನರನ್ನು ಬಿಡುವುದರಿಂದ ಸಮಯ ಕಾದಿರಿಸಿ ಹೋಗಬೇಕು. ಒಳಗೆ ಹೋದವರು ಕಿಟಕಿಯ ಬಲಗಡೆ ಕೆಳಗಿರುವ ಕಾನ್‌ಸ್ಟಂಟೈನನ ಕನಸನ್ನು ಮೊದಲು ನೋಡಿ. ರಾತ್ರಿ, ಒಂದು ಗುಡಾರ, ಮಲಗಿದ ದೊರೆ, ಮೇಲಿನಿಂದ ಇಳಿಯುವ ದೇವದೂತ. ಬೆಳಕು ದೂತನಿಂದ ಹೊರಟು ಗುಡಾರದ ಅಂಚಿಗೆ, ಅಲ್ಲಿಂದ ಮಂಚದ ಬಳಿ ಕುಳಿತ ಸೇವಕನಿಗೆ ಬೀಳುತ್ತದೆ. ಮುಂದೆ ಎಡಗಡೆ ನಿಂತ ಕಾವಲುಗಾರ ಬೆಳಕಿಗೆ ಅಡ್ಡವಾಗಿರುವುದರಿಂದ ಅರೆಗತ್ತಲಾಗಿದ್ದಾನೆ. ಬಹುಮಟ್ಟಿಗೆ ಹಸಿ ಗಾರೆಯ ಮೇಲೆ, ಅದು ಒಣಗುವುದರೊಳಗೆ, ಇಷ್ಟು ಹಂತದ ಕತ್ತಲನ್ನು ಬರೆದಿದ್ದಾನೆ ಎಂಬುದು ಹತ್ತಿರ ನಿಂತಾಗ ಮಾತ್ರ ಮನಸ್ಸಿಗೆ ಇಳಿಯುತ್ತದೆ. ಮುದ್ರಿತ ಚಿತ್ರಗಳಲ್ಲಿ ಅದು ಬರೀ ಕಂದು.

ಅರೆತ್ಸೊದಿಂದ ಸಾನ್‌ಸೆಪೋಲ್ಕ್ರೊಗೆ ಬಸ್ಸು, ಸುಮಾರು ಒಂದು ಗಂಟೆ. ಪಿಯೆರೊ ಹುಟ್ಟಿದ ಊರು ಅದು, ಅಲ್ಲಿನ ಮ್ಯೂಸಿಯಂನಲ್ಲಿ ಅವನ ‘ಪುನರುತ್ಥಾನ’ ಇದೆ. ದಾರಿಯ ಮೊಂತೆರ್ಕಿಯಲ್ಲಿ ಗರ್ಭಿಣಿ ಮೇರಿಯ ಚಿತ್ರವಿದೆ. ಬಸ್ಸು ಹೆದ್ದಾರಿಯಲ್ಲೇ ಬಿಡುತ್ತದೆ, ಉಳಿದದ್ದು ನಡಿಗೆ. ಭಾನುವಾರ ಈ ಹಳ್ಳಿಯ ಬಸ್ಸುಗಳು ತೀರಾ ಕಡಿಮೆ. ಮೂರನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟವರಿಗೆ ಮಧ್ಯಾಹ್ನದ ಬಾಗಿಲು ಅಡ್ಡ ಬರುತ್ತದೆ, ಒಂದು ರಾತ್ರಿ ಸಾನ್‌ಸೆಪೋಲ್ಕ್ರೊದಲ್ಲಿ ಉಳಿಯುವುದೇ ಒಳ್ಳೆಯದು.

ಪಾದುವಾದ ಸ್ಕ್ರೊವೇನ್ಯಿ ಚಾಪೆಲ್ಲಿನಲ್ಲಿ ಜೊತ್ತೊ 1305ರ ಸುಮಾರಿಗೆ ಮುಗಿಸಿದ ಚಿತ್ರಗಳಿವೆ. ಅಲ್ಲಿ ಇನ್ನೂ ಬಿಗಿ. ಮೊದಲೇ ಟಿಕೆಟ್ ಕಾದಿರಿಸಬೇಕು. ಗಾಳಿಯ ತೇವ, ಧೂಳು ಹದಕ್ಕೆ ಬರಲೆಂದು ಗಾಜಿನ ಕೋಣೆಯಲ್ಲಿ 15 ನಿಮಿಷ ಕೂರಿಸಿ, ಒಳಗೆ ಸಾಮಾನ್ಯವಾಗಿ 15 ನಿಮಿಷ ಬಿಡುತ್ತಾರೆ. ಅಷ್ಟರಲ್ಲಿ ಗೀಚಲು ಕೂತರೆ ನೋಡುವುದು ತಪ್ಪುತ್ತದೆ. ಯಾವ ನಾಲ್ಕು ಚಿತ್ರ ನೋಡಬೇಕೆಂದು ರೈಲಿನಲ್ಲೇ ನಿರ್ಧರಿಸಿ, ಗಾಜಿನ ಕೋಣೆಯಲ್ಲಿ ಕೂತಾಗ ಅವು ಯಾವ ಸಾಲಿನಲ್ಲಿವೆ ಎಂದು ಗುರುತು ಹಾಕಿಕೊಳ್ಳಿ. ರೋಮಿನ ಚರ್ಚುಗಳಿಗೆ ಹೋಗುವಾಗ ಜೇಬಿನಲ್ಲಿ ಚಿಲ್ಲರೆ ಇರಲಿ. ಸಾನ್ ಲುಯೀಜಿ ದೇಯಿ ಫ್ರಾಂಚೇಜಿಯಲ್ಲಿ ಕಾರವಾಜ್ಜೊನ ಚಿತ್ರಗಳ ಮೇಲೆ ದೀಪ ಹತ್ತಬೇಕಾದರೆ ಡಬ್ಬಿಗೆ ನಾಣ್ಯ ಹಾಕಬೇಕು. ಒಂದು ಚಿಕ್ಕ ದುರ್ಬೀನು, ಪೆನ್ಸಿಲ್ಲು, ಅಂಗೈಯಗಲದ ಪುಸ್ತಕ ಇಷ್ಟಕ್ಕೆ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ತಕರಾರಿಲ್ಲ. ಮಸಿ, ಬಣ್ಣ, ಸ್ಟ್ಯಾಂಡಿಗೆ ಅನುಮತಿ ಬೇಕು.

ಇಲ್ಲಿಯ ಸ್ನೇಹ ಶುರುವಾಗುವುದು ಬೆಳಗಿನ ಕಾಫಿಯ ಕಟ್ಟೆಯಲ್ಲಿ. ‘ಬಾರ್’ ಎಂದರೆ ಇಲ್ಲಿ ಕಾಫಿಯಂಗಡಿ. ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಕುರ್ಚಿಯಲ್ಲಿ ಕೂತರೆ ಹಲವು ಕಡೆ ಬೇರೆ ದರ. ನಮ್ಮ ದರ್ಶಿನಿಗಳಲ್ಲಿ ಬೆಳೆದವರಿಗೆ ನಿಂತು ಕುಡಿಯುವುದು ಹೊಸದೇನಲ್ಲ. ಒಳಗೆ ಕಾಲಿಟ್ಟ ಕೂಡಲೇ ‘ಬ್ವೊಂಜೋರ್ನೊ’ ಹೇಳಿ, ಆಮೇಲೆ ಬೇಕಾದದ್ದು ಕೇಳಿ. ನೇರ ಆರ್ಡರ್ ಮಾಡುವುದು ಒರಟುತನ. ನಮ್ಮ ‘ನೀವು’, ‘ನೀನು’ ಇದ್ದಂತೆ ಅವರಲ್ಲಿ ‘ಲೇಯಿ’, ‘ತು’ ಇವೆ. ಹಿರಿಯರಿಗೆ, ಕಚೇರಿಯಲ್ಲಿ, ಕಲ್ಲಿನ ಮೇಸ್ತ್ರಿಗೆ ‘ಲೇಯಿ’ಯೇ. ‘ತು’ ಎನ್ನೋಣ ಎಂದು ಅವರಾಗಿ ಹೇಳುವವರೆಗೆ ಕಾಯಬೇಕು. ಕಲಾವಿದರ ನಡುವೆ ಅದು ಮೊದಲ ದಿನವೇ ಆಗಿಬಿಡುತ್ತದೆ.

ಬೇಸಿಗೆಯಲ್ಲಿ ಪ್ರದರ್ಶನಗಳ ಉದ್ಘಾಟನೆ ಸಂಜೆ 6.30ರ ಮೇಲೆ, ಕೆಲವು ರಾತ್ರಿ ಊಟದ ನಂತರವೂ ಇರುತ್ತವೆ. ಆಗಸ್ಟಿನಲ್ಲಿ ಈ ಊರಿನ ಲೆಕ್ಕ ತಲೆಕೆಳಗು. 15ನೇ ತಾರೀಖಿನ ‘ಫೆರ್ರಗೋಸ್ತೊ’ ಹಬ್ಬದ ಆಸುಪಾಸಿನಲ್ಲಿ ಕಾರ್ಯಾಗಾರಗಳಿಗೆ ರಜೆ, ಕಲ್ಲು ಎತ್ತಿಕೊಡಲು ಜನ ಸಿಗುವುದಿಲ್ಲ. ಆದರೆ ಸಮುದ್ರಕ್ಕೆ ಬಂದ ಜನರಿಂದ ಗ್ಯಾಲರಿಗಳು ತಡರಾತ್ರಿಯವರೆಗೂ ತುಂಬಿರುತ್ತವೆ. ಕೆತ್ತುವ ಕೆಲಸ ಜುಲೈಗೆ ಮುಗಿಸಿ, ಆಗಸ್ಟನ್ನು ಜನರನ್ನು ಕಾಣಲು ಇಟ್ಟುಕೊಳ್ಳಿ.

ಮನೆಗೆ ಊಟಕ್ಕೆ ಕರೆದರೆ ಹೊತ್ತು ಸಾಮಾನ್ಯವಾಗಿ 8. ಹೊಸ್ತಿಲು ದಾಟುವಾಗ, ಬಾಗಿಲು ತೆಗೆದಿದ್ದರೂ, ‘ಪೆರ್ಮೆಸ್ಸೊ’ ಎನ್ನಬೇಕು. ಬರಿಗೈಯಲ್ಲಿ ಹೋಗುವಂತಿಲ್ಲ. ಬೇಕರಿಯಲ್ಲಿ ತೂಕದ ಮೇಲೆ ಮಾರುವ ಪುಟ್ಟ ಸಿಹಿಗಳ ಪೊಟ್ಟಣ ಒಯ್ಯುವುದು ರೂಢಿ, ಆರು ಜನಕ್ಕೆ ಅರ್ಧ ಕಿಲೋ ಸಾಕು. ಹೂವು ಒಯ್ದರೆ ಸೇವಂತಿಗೆ ಮಾತ್ರ ಬೇಡ. ನಮಗದು ಮುಡಿಗೆ, ಪೂಜೆಗೆ. ಅವರಿಗೆ ಸಮಾಧಿಗೆ ಇಡುವ ಹೂ.

ಸಸ್ಯಾಹಾರಿಗಳು ಕರೆದ ದಿನವೇ ಹೇಳಿಬಿಡಬೇಕು, ಮೇಜಿನ ಮುಂದೆ ಕೂತು ಹೇಳಿದರೆ ಅಡುಗೆ ಮಾಡಿದವರಿಗೆ ನೋವಾಗುತ್ತದೆ. ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಎರಡನ್ನೂ ಹೇಳಿದ ಮೇಲೂ ಸೂಪಿನಲ್ಲಿ ಮಾಂಸದ ಸಾರು, ತರಕಾರಿ ಪಲ್ಯದಲ್ಲಿ ‘ಅಚ್ಚೂಗೆ’ ಎಂಬ ಪುಟ್ಟ ಮೀನು, ರೊಟ್ಟಿಯಲ್ಲಿ ‘ಸ್ತ್ರುತ್ತೊ’ ಎಂಬ ಹಂದಿಕೊಬ್ಬು ಇರಬಹುದು. ಈ ಮೂರನ್ನೂ ಹೆಸರು ಹಿಡಿದು ಕೇಳಿ. ಪಾರ್ಮಿಜಾನೊ ಗಿಣ್ಣಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ‘ಕಾಲ್ಯೊ’ದಿಂದ. ಈ ಸೀಮೆಯ ‘ತೊರ್ದೆಲ್ಲಿ’ ನಮ್ಮ ಪುಟ್ಟ ಕರಿಗಡುಬಿನ ಹಾಗೆ ಕಾಣುತ್ತದೆ, ಒಳಗೆ ಮಾಂಸದ ಹೂರಣ. ಗಣಿಯ ಹಳ್ಳಿ ಕೊಲೊನ್ನಾತಾದಲ್ಲಿ ಬಿಸಿ ರೊಟ್ಟಿಯ ಮೇಲೆ ಬಿಳಿ ಹಾಳೆಯಂತೆ ಕರಗುತ್ತಿರುವುದನ್ನು ಬೆಣ್ಣೆ ಎಂದುಕೊಂಡು ಬಾಯಿಗಿಡಬೇಡಿ. ಅಮೃತಶಿಲೆಯ ತೊಟ್ಟಿಗಳಲ್ಲಿ ಉಪ್ಪು, ಮಸಾಲೆ ಹಾಕಿ ಕನಿಷ್ಠ ಆರು ತಿಂಗಳು ಮಾಗಿಸಿದ ಹಂದಿಕೊಬ್ಬು ಅದು. ಆ ಊರಿಗೆ ಹೆಮ್ಮೆಯ ಪದಾರ್ಥ. ಧೈರ್ಯವಾಗಿ ತಿನ್ನಬಹುದಾದದ್ದು ‘ಚೆಚೀನಾ’. ಒಂದು ಪಾಲು ಕಡಲೆಹಿಟ್ಟಿಗೆ ಮೂರು ಪಾಲು ನೀರು, ಉಪ್ಪು, ಆಲಿವ್ ಎಣ್ಣೆ. ಕೆಲವು ಗಂಟೆ ನೆನೆಸಿ, ಮೇಲಿನ ನೊರೆ ತೆಗೆದು, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಸುರಿದು ಕೆಂಡದಂಥ ಒಲೆಯಲ್ಲಿ ಬೇಯಿಸುತ್ತಾರೆ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಬಿಸಿಬಿಸಿಯಾಗಿ ತಿಂದರೆ ಊರು ನೆನಪಾಗುತ್ತದೆ.

ಉಂಡ ಮೇಲೆ ತಿರುಗಿ ಕರೆಯಲೇಬೇಕು. ಉಪ್ಪಿಟ್ಟಿಗೆ ರವೆ ಹುಡುಕುವವರು ‘ಸೆಮೊಲಾ ರಿಮಚಿನಾತಾ’ ಕೊಳ್ಳಬೇಡಿ, ಅದು ನುಣ್ಣನೆಯ ಹಿಟ್ಟು, ಅಂಟಾಗುತ್ತದೆ. ‘ಸೆಮೊಲೀನೊ’ ಎಂದು ಬರೆದದ್ದೇ ರವೆ. ಚಿತ್ರಾನ್ನಕ್ಕೆ ಬಾಸುಮತಿ ಬೇಕು. ಬಿಸಿಬೇಳೆಬಾತಿಗೆ ಮಾತ್ರ ಇಲ್ಲಿಯ ‘ಅರ್ಬೋರಿಯೊ’ ಅಕ್ಕಿ ತುಂಬ ಚೆನ್ನಾಗಿ ಹೊಂದುತ್ತದೆ, ಗಂಜಿ ಬಿಟ್ಟುಕೊಂಡು ಬೇಳೆಯೊಂದಿಗೆ ಬೆರೆಯುತ್ತದೆ. ಎಲ್ಲವನ್ನೂ ಒಮ್ಮೆಗೇ ಬಡಿಸಿದರೆ ಅತಿಥಿಗಳು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕೂರುತ್ತಾರೆ, ಒಂದಾದ ಮೇಲೊಂದು ತನ್ನಿ. ಬಾಡಿಗೆ ಮನೆಯ ಅಡುಗೆಕಟ್ಟೆ ಅಮೃತಶಿಲೆಯದಾಗಿದ್ದರೆ ಹುಣಸೆಹುಳಿ, ನಿಂಬೆರಸ ಚೆಲ್ಲದ ಹಾಗೆ ಹಲಗೆ ಇಟ್ಟುಕೊಳ್ಳಿ. ಹುಳಿ ಬಿದ್ದಲ್ಲಿ ಹೊಳಪು ಸುಟ್ಟುಹೋಗುತ್ತದೆ, ಅರಿಶಿನದ ಕಲೆ ಒಳಗಿಳಿಯುತ್ತದೆ.

ಕೆಲಸಗಳನ್ನು ಊರಿಗೆ ಸಾಗಿಸುವಾಗ ಚಿತ್ರಗಳನ್ನು ಬಣ್ಣದ ಮೈ ಹೊರಗಿರುವಂತೆ, 10 ಸೆಂ.ಮೀ.ಗಿಂತ ದಪ್ಪನೆಯ ಕೊಳವೆಯ ಸುತ್ತ ಸುತ್ತಬೇಕು. ಒಳಮುಖವಾಗಿ ಸುತ್ತಿದರೆ ಬಣ್ಣದ ಪದರ ಮಡಿಸಿಕೊಂಡು ಬಿರಿಯುತ್ತದೆ. ಎಣ್ಣೆಬಣ್ಣ ಪೂರ್ತಿ ಒಣಗಿರಲೇಬೇಕು, ಟರ್ಪೆಂಟೈನನ್ನು ವಿಮಾನದಲ್ಲಿ ಬಿಡುವುದಿಲ್ಲ. ಜೀವಂತ ಕಲಾವಿದರ ಕೃತಿಯನ್ನು ಹೊರಗೊಯ್ಯಲು ಪರವಾನಗಿ ಬೇಡ, ಆದರೆ ಇದು ನಮ್ಮದೇ ಕೆಲಸ ಎಂಬ ಸ್ವಯಂಘೋಷಣೆಯನ್ನು ರಫ್ತು ಕಚೇರಿಗೆ ಸಲ್ಲಿಸಿ, ಮುದ್ರೆ ಬಿದ್ದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಬೇಕು. ಶಿಲ್ಪದ ಮರದ ಪೆಟ್ಟಿಗೆಗೆ ಶಾಖ ಕೊಟ್ಟು ಹುಳು ಕೊಂದ ಗುರುತಾಗಿ ಗೋಧಿ ತೆನೆಯ ಚಿತ್ರ, ‘ಎಚ್‌ಟಿ’ ಅಕ್ಷರಗಳ ಮುದ್ರೆ ಇರಬೇಕು. ಪೆಟ್ಟಿಗೆಯ ಅಡಿಯ ಅಡ್ಡಪಟ್ಟಿಗಳಿಗೂ ಆ ಮುದ್ರೆ ಇದೆಯೇ ಎಂದು ಬಗ್ಗಿ ನೋಡಿ. ಮೇಲಿನ ಹಲಗೆಗಳೆಲ್ಲ ಸರಿಯಿದ್ದು, ಕೊನೆ ಗಳಿಗೆಯಲ್ಲಿ ಹೊಡೆದ ಒಂದು ಬಿಡಿ ತುಂಡಿನಿಂದಾಗಿ ಪೆಟ್ಟಿಗೆ ಬಂದರಿನಲ್ಲೇ ನಿಂತುಬಿಡುತ್ತದೆ.